ಸಂಗೀತವನ್ನೇ ಪೂಜೆಯಾಗಿಸಿದ ಮೈಸೂರು ವಾಸುದೇವಾಚಾರ್ಯರು

ಶರನ್ನವರಾತ್ರಿಯಲ್ಲಿ ಸರಸ್ವತೀ ಪೂಜೆಯ ದಿನ ಮನೆಯ ದೇವರ ಕೋಣೆಯಲ್ಲಿ ಮಣೆಯ ಮೇಲೆ ಗ್ರಂಥಗಳನ್ನಿರಿಸುತ್ತಾರೆ. ಸಂಗೀತವುಳ್ಳ ಮನೆಯಾದರೆ ಅವುಗಳ ಪಕ್ಕದಲ್ಲೇ ವೀಣೆಯನ್ನೋ ತಂಬೂರಿಯನ್ನೋ ಪಿಟೀಲನ್ನೋ ಇರಿಸಿ, ಅರಿಶಿನ ಕುಂಕುಮ ಹಚ್ಚಿ, ಒಂದೇ ಮಂಗಳಾರತಿಯಲ್ಲಿ ಎರಡನ್ನೂ ಪೂಜಿಸುತ್ತಾರೆ. ತಾಯಿ ಶಾರದೆಯ ಕೈಯಲ್ಲಿ ಪುಸ್ತಕವೂ ಉಂಟು, ವೀಣೆಯೂ ಉಂಟು. ಆಕೆಗೆ ಇವು ಬೇರೆಬೇರೆಯಾದ ವಸ್ತುಗಳಲ್ಲ. ಮನುಷ್ಯರ ಬಾಳಿನಲ್ಲಿ ಮಾತ್ರ ಇವೆರಡೂ ಒಂದೇ ಮಣೆಯ ಮೇಲೆ ಕೂಡುವುದು ಅಪರೂಪ. ಹಿರಿಯರು ಹಾಕಿಕೊಟ್ಟ ದಾರಿ ಒಂದಾಗಿರುತ್ತದೆ, ಮನಸ್ಸು ಎಳೆಯುವ ದಾರಿ ಇನ್ನೊಂದಾಗಿರುತ್ತದೆ. ಒಂದನ್ನು ಹಿಡಿದವರು ಇನ್ನೊಂದನ್ನು ಬಿಡಬೇಕಾಗುತ್ತದೆ.

ಮೈಸೂರು ವಾಸುದೇವಾಚಾರ್ಯರ ಜೀವನ ಇದಕ್ಕೆ ಅಪವಾದವಾಯಿತು. ಗ್ರಂಥದ ದಾರಿಯಲ್ಲಿ ಹೊರಟ ಬಾಲಕ ಮೆಲ್ಲಮೆಲ್ಲನೆ ವೀಣೆಯ ಕಡೆಗೆ ತಿರುಗಿದ. ಸಂಗೀತದ ಮೇಲಿನ ಪ್ರೀತಿ ಅವರಲ್ಲಿ ಒಂದೇ ದಿನದಲ್ಲಿ ಮೂಡಿ ಬಂದುದಲ್ಲ. ಕೇಳ್ಮೆಯಿಂದ ಕುತೂಹಲವಾಗಿ, ಕುತೂಹಲದಿಂದ ಸಾಧನೆಯಾಗಿ, ಸಾಧನೆಯಿಂದ ಭಕ್ತಿಯಾಗಿ ಮಾಗಿದ ಪ್ರೀತಿ ಅದು. ಹಾಗೆ ಮಾಗಿದ ಮೇಲೆ, ಹಿಂದೆ ಬಿಟ್ಟುಬಂದಂತೆ ತೋರಿದ ಗ್ರಂಥವೂ ತಾನಾಗಿಯೇ ಬಂದು ಅವರ ಸಂಗೀತದೊಳಗೆ ಸೇರಿಕೊಂಡಿತು.

ವಾಸುದೇವಾಚಾರ್ಯರು ಮೈಸೂರಿನಲ್ಲಿ 1865ರ ಮೇ 28ರಂದು ಜನಿಸಿದರು. ತಂದೆ ಸುಬ್ರಹ್ಮಣ್ಯಾಚಾರ್ಯರು. ಮಗು ಅರಿಯದ ವಯಸ್ಸಿನಲ್ಲಿರುವಾಗಲೇ ತಂದೆ ತೀರಿಕೊಂಡರು. ತಂದೆಯಿಲ್ಲದ ಮಗುವನ್ನು ಸಾಕುವ ಹೊಣೆ ತಾಯಿಯ ತಂದೆ ಗೋಪಾಲಾಚಾರ್ಯರ ಮೇಲೆ ಬಿತ್ತು. ವೈದಿಕ ವಿದ್ವತ್ತಿನ ಮನೆತನ ಅದು. ಮೊಮ್ಮಗ ಸಂಸ್ಕೃತದಲ್ಲಿ ಪಂಡಿತನಾಗಬೇಕು, ಶಾಸ್ತ್ರ ಓದಿ ನಾಲ್ವರ ನಡುವೆ ಗೌರವದಿಂದ ಬಾಳಬೇಕು ಎಂಬುದು ತಾತನ ಆಸೆ. ಆ ಕಾಲಕ್ಕೆ ಅದು ಕೇವಲ ಆಸೆಯಲ್ಲ, ಬದುಕಿನ ಲೆಕ್ಕವೂ ಹೌದು. ಸಂಸ್ಕೃತ ಬಲ್ಲವನಿಗೆ ಮಠಮಂದಿರಗಳಲ್ಲಿ, ಪಾಠಶಾಲೆಗಳಲ್ಲಿ, ಅರಮನೆಯಲ್ಲಿ ಒಂದು ನೆಲೆ ಇತ್ತು. ತಂದೆಯ ಆಸರೆಯಿಲ್ಲದ ಹುಡುಗನಿಗೆ ಅಂಥ ನೆಲೆ ಬೇಕೇ ಬೇಕಾಗಿತ್ತು.

ಹಾಗಾಗಿ ಬಾಲಕ ವಾಸುದೇವ ಮಹಾರಾಜರ ಸಂಸ್ಕೃತ ಪಾಠಶಾಲೆಯನ್ನು ಸೇರಿದ. ಕಾವ್ಯ, ನಾಟಕ, ಅಲಂಕಾರ, ವ್ಯಾಕರಣ, ತರ್ಕ ಮೊದಲಾದವುಗಳಲ್ಲಿ ಶ್ರಮಪಟ್ಟು ಓದಿದ. ಓದು ಸುಮ್ಮನೆ ಹೋಗಲಿಲ್ಲ. ಮುಂದೆ ಅವರು ಬರೆದ ಸಾಹಿತ್ಯದಲ್ಲಿ ಒಂದು ಅಕ್ಷರವೂ ಜಾರದಂತೆ, ಒಂದು ಸಮಾಸವೂ ಸಡಿಲವಾಗದಂತೆ ನೋಡಿಕೊಂಡದ್ದು ಆ ಪಾಠಶಾಲೆಯ ಶಿಕ್ಷಣವೇ. ಆದರೆ ಪಾಠಶಾಲೆಯ ಬೆಂಚಿನ ಮೇಲೆ ಕುಳಿತಿದ್ದ ಹುಡುಗನಿಗೆ ಇದಾವುದೂ ತಿಳಿದಿರಲಿಲ್ಲ. ಅವನ ಕಿವಿ ಬೇರೆಡೆ ಇತ್ತು.

ಆ ಕಿವಿಗೆ ಆಹಾರ ಒದಗಿಸಲು ಮೈಸೂರಿನಂಥ ಊರು ಮತ್ತೊಂದಿರಲಿಲ್ಲ. 1881ರಲ್ಲಿ ರಾಜ್ಯಾಡಳಿತ ಮರಳಿ ಅರಸುಮನೆತನಕ್ಕೆ ಬಂದು, ಹತ್ತನೆಯ ಚಾಮರಾಜ ಒಡೆಯರು ಅಧಿಕಾರ ವಹಿಸಿಕೊಂಡಾಗ ವಾಸುದೇವನಿಗೆ ಸುಮಾರು ಹದಿನಾರು ವರ್ಷ. ಚಾಮರಾಜ ಒಡೆಯರು ಸಂಗೀತ ಸಾಹಿತ್ಯ ನಾಟಕಗಳಲ್ಲಿ ಅಭಿರುಚಿಯುಳ್ಳ ಅರಸರು. ಅವರ ಆಸ್ಥಾನದಲ್ಲಿ ವೀಣೆ ಶೇಷಣ್ಣನವರಿದ್ದರು, ವೀಣೆ ಸುಬ್ಬಣ್ಣನವರಿದ್ದರು. ತ್ಯಾಗರಾಜರ ಶಿಷ್ಯ ವಾಲಾಜಾಪೇಟೆ ವೆಂಕಟರಮಣ ಭಾಗವತರಲ್ಲಿ ಕಲಿತ ಮೈಸೂರು ಸದಾಶಿವರಾಯರ ಕೃತಿಗಳು ಊರಿನ ಗಾಳಿಯಲ್ಲಿ ಬೆರೆತಿದ್ದವು. ದಸರೆ ಬಂತೆಂದರೆ ಒಂಬತ್ತು ದಿನ ಅರಮನೆಯ ದರ್ಬಾರಿನಲ್ಲಿ ವಿದ್ವಾಂಸರ ಗಾಯನ ವಾದನ ನಡೆಯುತ್ತಿತ್ತು. ಅಗ್ರಹಾರದ ಬೀದಿಗಳಲ್ಲಿ ಒಂದು ಮನೆಯಿಂದ ವೇದಘೋಷ ಕೇಳಿದರೆ ಇನ್ನೊಂದು ಮನೆಯಿಂದ ತಂಬೂರಿಯ ಶ್ರುತಿ ಕೇಳುತ್ತಿತ್ತು.

ಇಂಥ ಊರಿನಲ್ಲಿ ಬೆಳೆಯುವ ಹುಡುಗನಿಗೆ ಸಂಗೀತ ಮೊದಲು ಬರುವುದು ಕಿವಿಯ ಮೂಲಕ. ಯಾವುದೋ ರಾಗದ ಒಂದು ಸಂಚಾರ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ಅದರ ಹೆಸರು ಗೊತ್ತಿಲ್ಲ, ಲಕ್ಷಣ ಗೊತ್ತಿಲ್ಲ, ಆದರೆ ಅದು ಬಿಡುವುದಿಲ್ಲ. ಅದನ್ನು ಪ್ರೀತಿಯೆನ್ನಲು ಇನ್ನೂ ಕಾಲ ಬಂದಿರುವುದಿಲ್ಲ. ಅದು ಹಂಬಲ ಮಾತ್ರ. ವಾಸುದೇವ ಆ ಹಂಬಲವನ್ನು ಹಿಡಿದುಕೊಂಡು ಆಸ್ಥಾನದ ವೈಣಿಕರಾದ ವೀಣೆ ಪದ್ಮನಾಭಯ್ಯನವರ ಬಳಿಗೆ ಹೋದ. ಸಂಸ್ಕೃತದ ಓದು ಒಂದೆಡೆ ನಡೆಯುತ್ತಿರುವಾಗಲೇ ಸಂಗೀತದ ಪಾಠವೂ ಆರಂಭವಾಯಿತು.

ಪುರಂದರದಾಸರು ಹಾಕಿಕೊಟ್ಟ ಮಾರ್ಗದಲ್ಲಿ ಪಾಠ ಮಾಯಾಮಾಳವಗೌಳದ ಸರಳೆವರಸೆಯಿಂದ ತೊಡಗುತ್ತದೆ. ಜಂಟಿವರಸೆ, ಅಲಂಕಾರ, ಗೀತ, ವರ್ಣ ಎಂದು ಒಂದೊಂದೇ ಮೆಟ್ಟಿಲು. ಕೇಳುವಾಗ ಸುಲಭವಾಗಿ ಹರಿದುಬರುತ್ತಿದ್ದ ಸಂಗೀತ ಹಾಡಲು ಹೋದಾಗ ಎಷ್ಟು ಕಠಿಣವೆಂಬುದು ಪ್ರತಿ ಶಿಷ್ಯನಿಗೂ ಇಲ್ಲಿಯೇ ಅರಿವಾಗುವುದು. ಮೊದಲ ಕಾಲದಲ್ಲಿ ನಿಂತ ಸ್ವರ ಮೂರನೆಯ ಕಾಲದಲ್ಲಿ ನಿಲ್ಲುವುದಿಲ್ಲ. ಬೆಳಗಿನಲ್ಲಿ ಹಿಡಿತಕ್ಕೆ ಬಂದ ಗಮಕ ಸಂಜೆಗೆ ಕೈತಪ್ಪುತ್ತದೆ. ಹಂಬಲದಿಂದ ಬಂದವರಲ್ಲಿ ಹೆಚ್ಚಿನವರು ಈ ಹಂತದಲ್ಲಿಯೇ ಹಿಂದೆ ಸರಿಯುತ್ತಾರೆ. ವಾಸುದೇವಾಚಾರ್ಯರು ಸರಿಯಲಿಲ್ಲ. ವ್ಯಾಕರಣದ ಸೂತ್ರಗಳನ್ನು ಕಂಠಪಾಠ ಮಾಡಿದ್ದವರಿಗೆ ಆವೃತ್ತಿಯ ಬೆಲೆ ಗೊತ್ತಿತ್ತು. ನೂರು ಸಲ ಹೇಳಿದ ಮೇಲೆ ಸೂತ್ರ ಹೇಗೆ ತನ್ನ ಅರ್ಥವನ್ನು ಬಿಟ್ಟುಕೊಡುತ್ತದೆಯೋ ಹಾಗೆಯೇ ಸ್ವರವೂ ಬಿಟ್ಟುಕೊಡುತ್ತದೆಂಬ ನಂಬಿಕೆ ಆ ಶಿಕ್ಷಣದಲ್ಲಿಯೇ ಅಡಗಿತ್ತು.

ಈ ಯುವಕನ ಶ್ರದ್ಧೆ ಮಹಾರಾಜರ ಗಮನಕ್ಕೆ ಬಂದದ್ದು ಅವರ ಬಾಳಿನ ದೊಡ್ಡ ತಿರುವು. ಚಾಮರಾಜ ಒಡೆಯರು ಅವರಿಗೆ ವೇತನವನ್ನು ಗೊತ್ತುಮಾಡಿ, ಹೆಚ್ಚಿನ ಶಿಕ್ಷಣಕ್ಕಾಗಿ ತಂಜಾವೂರು ಸೀಮೆಯ ತಿರುವಯ್ಯಾರಿಗೆ, ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿಗೆ ಕಳುಹಿಸಿಕೊಟ್ಟರು. ಅರಮನೆಯ ವೇತನವೆಂದರೆ ಅರಮನೆಯ ನಿರೀಕ್ಷೆಯೂ ಹೌದು. ಸಂಸ್ಕೃತದ ದಾರಿಯಲ್ಲಿ ಇಷ್ಟು ದೂರ ಬಂದವರು ಈಗ ಸಂಗೀತದಲ್ಲಿ ಏನನ್ನಾದರೂ ಸಾಧಿಸಿಯೇ ಹಿಂದಿರುಗಬೇಕಿತ್ತು. ಬರಿಗೈಯಲ್ಲಿ ಮರಳಿದರೆ ತಾತನ ಕನಸೂ ಕೈಗೂಡಲಿಲ್ಲ, ಅರಸರ ನಂಬಿಕೆಯೂ ಉಳಿಯಲಿಲ್ಲ ಎಂಬಂಥ ಸ್ಥಿತಿ.

ಮೈಸೂರಿನ ಬಳಿ ಶ್ರೀರಂಗಪಟ್ಟಣವನ್ನು ಬಳಸಿ ಹರಿಯುವ ಕಾವೇರಿಯೇ ತಿರುವಯ್ಯಾರಿನಲ್ಲಿಯೂ ಹರಿಯುತ್ತಾಳೆ. ನದಿ ಒಂದೇ ಆದರೂ ಮಾತು ಬೇರೆ, ನೀತಿನಡವಳಿಕೆ ಬೇರೆ. ಆ ತೀರದಲ್ಲಿಯೇ ಸದ್ಗುರು ತ್ಯಾಗರಾಜರು ಬಾಳಿ, 1847ರಲ್ಲಿ ಸಮಾಧಿಸ್ಥರಾದರು. ಇಂದು ಆರಾಧನೆಗೆ ಸಾವಿರಾರು ಜನ ಸೇರುವ ಸಮಾಧಿಮಂದಿರ ಆಗ ಇರಲಿಲ್ಲ. ಅದನ್ನು ಬೆಂಗಳೂರು ನಾಗರತ್ನಮ್ಮನವರು ತಮ್ಮ ಸರ್ವಸ್ವವನ್ನು ವಿನಿಯೋಗಿಸಿ ಕಟ್ಟಿಸಿದ್ದು 1920ರ ದಶಕದಲ್ಲಿ. ಆದರೆ ತ್ಯಾಗರಾಜರ ಸಂಗೀತವನ್ನು ನೇರವಾಗಿ ಪಡೆದವರ ಪರಂಪರೆ ಅಲ್ಲಿ ಜೀವಂತವಾಗಿತ್ತು. ತ್ಯಾಗರಾಜರ ಬಂಧುವೂ ಶಿಷ್ಯರೂ ಆದ ಮಾನಂಬುಚಾವಡಿ ವೆಂಕಟಸುಬ್ಬಯ್ಯನವರಲ್ಲಿ ಕಲಿತವರು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್. ಹಾಗಾಗಿ ವಾಸುದೇವಾಚಾರ್ಯರಿಗೂ ತ್ಯಾಗರಾಜರಿಗೂ ನಡುವೆ ಇದ್ದುದು ಎರಡೇ ತಲೆಗಳು.

ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಜೀವನವೇ ಶಿಷ್ಯನಿಗೆ ಮೊದಲನೆಯ ಪಾಠವಾಗುವಂಥದು. ಅವರೊಡನೆ ಅದೇ ಗುರುವಿನಲ್ಲಿ ಕಲಿತ ಮಹಾವೈದ್ಯನಾಥ ಅಯ್ಯರ್ ಅವರಿಗೆ ದೈವದತ್ತವಾದ ಕಂಠ. ಮೂರು ಸ್ಥಾಯಿಗಳಲ್ಲಿ ಅನಾಯಾಸವಾಗಿ ಓಡಾಡುವ ಇಂಪಾದ ಶಾರೀರ. ಸುಬ್ರಹ್ಮಣ್ಯ ಅಯ್ಯರ್ ಅವರ ಕಂಠ ಹಾಗಿರಲಿಲ್ಲ. ಅದು ಭಾರವಾದ, ಸುಲಭವಾಗಿ ಬಾಗದ ಕಂಠ. ಇನ್ನೊಬ್ಬರಾಗಿದ್ದರೆ ಸಂಗೀತ ತಮಗೆ ಒಲಿದುದಲ್ಲವೆಂದು ಕೈಬಿಡುತ್ತಿದ್ದರೇನೋ. ಅವರು ಕೈಬಿಡಲಿಲ್ಲ. ಬಿಡುವಿಲ್ಲದ ಸಾಧನೆಯಿಂದ ಆ ಮೊಂಡುಕಂಠವನ್ನೇ ಬಾಗಿಸಿ, ಅದರಲ್ಲಿಯೇ ಒಂದು ಗಾಂಭೀರ್ಯವನ್ನು ತಂದುಕೊಂಡರು. ತಾನ ಹಾಡುವುದರಲ್ಲಿ ಅವರದು ದೊಡ್ಡ ಹೆಸರು. ಬೇಗಡೆ ರಾಗವನ್ನು ಅವರು ಹಾಡುತ್ತಿದ್ದ ವೈಖರಿಯಿಂದ ಬೇಗಡೆ ಸುಬ್ರಹ್ಮಣ್ಯ ಅಯ್ಯರ್ ಎಂದೇ ಜನ ಕರೆದರು. ಕದನಕುತೂಹಲವೆಂಬ ಲವಲವಿಕೆಯ ರಾಗವನ್ನು ರೂಪಿಸಿಕೊಟ್ಟವರು ಅವರೇ. ವೆಂಕಟೇಶ ಎಂಬ ಅಂಕಿತದಲ್ಲಿ ಅವರು ರಚಿಸಿದ ಕೃತಿಗಳೂ ವರ್ಣಗಳೂ ಇಂದಿಗೂ ಕಛೇರಿಗಳಲ್ಲಿ ಮೊಳಗುತ್ತಿವೆ.

ಅಂದಿನ ಗುರುಕುಲವಾಸವೆಂದರೆ ಇಂದಿನ ತರಗತಿಯಂತೆ ಗಂಟೆ ಬಾರಿಸಿ ಪಾಠ ತೊಡಗಿ ಗಂಟೆ ಬಾರಿಸಿ ಮುಗಿಸುವಂಥದಲ್ಲ. ಶಿಷ್ಯ ಗುರುವಿನ ಮನೆಯವನೇ ಆಗಿಬಿಡುತ್ತಿದ್ದ. ಮನೆಗೆಲಸ, ಗುರುಶುಶ್ರೂಷೆ ಎಲ್ಲವೂ ವಿದ್ಯೆಯ ಭಾಗ. ಗುರುವಿಗೆ ಮನಸ್ಸು ಬಂದಾಗ ಪಾಠ. ಅದೂ ಎಷ್ಟು ಹೇಳಿಕೊಟ್ಟರೋ ಅಷ್ಟು. ಉಳಿದುದನ್ನು ಶಿಷ್ಯನೇ ಕಿವಿಯಿಂದ ಸಂಗ್ರಹಿಸಿಕೊಳ್ಳಬೇಕು. ಗುರು ತಾವಾಗಿ ಹಾಡಿಕೊಳ್ಳುವಾಗ, ಸಹವಿದ್ವಾಂಸರೊಡನೆ ಚರ್ಚಿಸುವಾಗ, ಕಛೇರಿಯಲ್ಲಿ ಹಿಂದೆ ಕುಳಿತು ತಂಬೂರಿ ಮೀಟುವಾಗ ದೊರೆತದ್ದೇ ನಿಜವಾದ ಪಾಠ. ಬರೆದುಕೊಳ್ಳಲು ಪುಸ್ತಕವಿಲ್ಲ, ಮತ್ತೆ ಕೇಳಲು ಧ್ವನಿಮುದ್ರಣವಿಲ್ಲ. ಒಮ್ಮೆ ಕಿವಿಯ ಮೇಲೆ ಬಿದ್ದದ್ದು ಮನಸ್ಸಿನಲ್ಲಿ ನಿಂತರೆ ನಿಂತಿತು, ಇಲ್ಲದಿದ್ದರೆ ಹೋಯಿತು.

ಅರಸರ ವೇತನದಲ್ಲಿ ಬಂದವರೆಂಬ ಕಾರಣಕ್ಕೆ ಅಂಥ ಮನೆಯಲ್ಲಿ ಯಾರಿಗೂ ರಿಯಾಯಿತಿ ಇರುತ್ತಿರಲಿಲ್ಲ. ಸಂಸ್ಕೃತ ಕಲಿತವರೆಂಬ ಹೆಮ್ಮೆಯೂ ಅಲ್ಲಿ ಕೆಲಸಕ್ಕೆ ಬಾರದು. ಒಂದು ವರ್ಣವನ್ನು ಮೂರು ಕಾಲಗಳಲ್ಲಿ ತಪ್ಪಿಲ್ಲದೆ ಹಾಡುವುದು, ಒಂದೇ ಸಾಲಿಗೆ ನೆರವಲು ಮಾಡಿ ಮಾತಿನ ಅರ್ಥ ಕೆಡದಂತೆ ಸಂಗತಿಗಳನ್ನು ಬೆಳೆಸುವುದು, ಪಲ್ಲವಿಯಲ್ಲಿ ತಾಳದ ಲೆಕ್ಕ ಒಂದು ಅಕ್ಷರವೂ ತಪ್ಪದಂತೆ ಮರಳಿ ಎಡುಪಿಗೆ ಬಂದು ನಿಲ್ಲುವುದು, ಇವೇ ಅಲ್ಲಿಯ ಪರೀಕ್ಷೆಗಳು. ಹಲವು ವರ್ಷಗಳ ಈ ವಾಸದಲ್ಲಿ ವಾಸುದೇವಾಚಾರ್ಯರಲ್ಲಿ ಆದ ಬದಲಾವಣೆ ಹೊರಗೆ ಕಾಣುವಂಥದಲ್ಲ. ಮೈಸೂರಿನಲ್ಲಿರುವಾಗ ಅವರು ಪ್ರೀತಿಸಿದ್ದು ಸಂಗೀತದ ಇಂಪನ್ನು. ಗುರುವಿನ ಮನೆಯಲ್ಲಿ ಪ್ರೀತಿಸಲು ಕಲಿತದ್ದು ಅದರ ಶ್ರಮವನ್ನು. ಕಂಠವನ್ನು ದೇವರು ಕೊಡದಿದ್ದರೂ ಸಾಧನೆಯಿಂದ ಪಡೆದ ಗುರುವಿನ ಸನ್ನಿಧಿಯಲ್ಲಿ ಶ್ರಮ ಬೇಸರವಾಗಲು ಸಾಧ್ಯವಿರಲಿಲ್ಲ.

ಶಿಕ್ಷಣ ಮುಗಿಸಿ ಮೈಸೂರಿಗೆ ಮರಳಿದ ಆಚಾರ್ಯರಿಗೆ ಆಸ್ಥಾನ ವಿದ್ವಾಂಸರ ಸ್ಥಾನ ದೊರೆಯಿತು. ಆದರೆ ತಮ್ಮನ್ನು ಬೆಳೆಸಿದ ಚಾಮರಾಜ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಅಕಾಲದಲ್ಲಿ ತೀರಿಕೊಂಡರು. 1897ರಲ್ಲಿ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು. 1902ರಲ್ಲಿ ಗುರು ಸುಬ್ರಹ್ಮಣ್ಯ ಅಯ್ಯರ್ ಅವರೂ ಕೀರ್ತಿಶೇಷರಾದರು. ಕೆಲವೇ ವರ್ಷಗಳಲ್ಲಿ ಪೋಷಕರೂ ಹೋದರು, ಗುರುವೂ ಹೋದರು. ಉಳಿದದ್ದು ಅವರಿಬ್ಬರೂ ಕೊಟ್ಟ ವಿದ್ಯೆ. ಸಂಗೀತ ಇನ್ನು ಯಾರ ಮೆಚ್ಚುಗೆಗೂ ಕಾಯದೆ ತಾನೇ ತಾನಾಗಿ ನಿಲ್ಲಬೇಕಾದ ಕಾಲ ಅದು.

ಅದೃಷ್ಟವಶಾತ್ ಸಿಂಹಾಸನಕ್ಕೆ ಬಂದ ನಾಲ್ವಡಿ ಕೃಷ್ಣರಾಜ ಒಡೆಯರು ಸ್ವತಃ ಹಲವು ವಾದ್ಯಗಳನ್ನು ನುಡಿಸಬಲ್ಲ ಸಂಗೀತಜ್ಞರು. ಅವರ ಕಾಲದಲ್ಲಿ ಮೈಸೂರು ದಕ್ಷಿಣಾದಿ ಉತ್ತರಾದಿ ಸಂಗೀತಗಳೆರಡಕ್ಕೂ ತವರಾಯಿತು. ಉತ್ತರದ ಖಾನ್ ಸಾಹೇಬರುಗಳು ಬಂದರು, ದಕ್ಷಿಣದ ಘನವಿದ್ವಾಂಸರು ಬಂದರು. ಶೇಷಣ್ಣನವರ ವೀಣೆ, ಬಿಡಾರಂ ಕೃಷ್ಣಪ್ಪನವರ ಗಾಯನ, ಅವರ ಶಿಷ್ಯ ಚೌಡಯ್ಯನವರ ಪಿಟೀಲು, ಮುಂದೆ ಬಂದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರ ರಚನೆಗಳು, ಎಲ್ಲವೂ ಒಂದೇ ಊರಿನಲ್ಲಿ. ಇಂಥ ವಿದ್ವನ್ಮಂಡಲಿಯ ನಡುವೆ ಆಚಾರ್ಯರು ಹಾಡಿದರು, ಕೇಳಿದರು, ಕಲಿಯುತ್ತಲೇ ಇದ್ದರು. ಇತರರ ವಿದ್ಯೆಯನ್ನು ಕಂಡು ಮತ್ಸರಪಡದೆ ಸಂತೋಷಪಡುವ ಗುಣ ಅವರಲ್ಲಿ ಹುಟ್ಟಿನಿಂದಲೇ ಬಂದಿದ್ದಿರಬೇಕು. ಮುಂದೆ ಅವರು ಕನ್ನಡದಲ್ಲಿ ಬರೆಸಿದ ‘ನಾ ಕಂಡ ಕಲಾವಿದರು’ ಎಂಬ ಪುಸ್ತಕವೇ ಇದಕ್ಕೆ ಸಾಕ್ಷಿ. ತಮ್ಮ ಕಾಲದ ಗಾಯಕರು, ವೈಣಿಕರು, ಪಿಟೀಲು ವಿದ್ವಾಂಸರು ಇವರ ಗುಣಗಳನ್ನು ಮನಬಿಚ್ಚಿ ಸ್ಮರಿಸಿದ ಕೃತಿ ಅದು. ‘ನೆನಪುಗಳು’ ಎಂಬ ತಮ್ಮ ಸ್ಮರಣೆಗಳ ಪುಸ್ತಕದಲ್ಲಿಯೂ ಅದೇ ವಿನಯ. ಧ್ವನಿಮುದ್ರಣವಿಲ್ಲದ ಕಾಲದ ಎಷ್ಟೋ ಕಲಾವಿದರ ಮುಖಪರಿಚಯ ಕನ್ನಡಿಗರಿಗೆ ಇಂದು ಇರುವುದು ಈ ಪುಸ್ತಕಗಳಿಂದ.

ಆಚಾರ್ಯರ ಹೆಸರು ಶಾಶ್ವತವಾಗಿ ನಿಂತದ್ದು ವಾಗ್ಗೇಯಕಾರರಾಗಿ. ಮಾತನ್ನೂ ಧಾತುವನ್ನೂ, ಅಂದರೆ ಸಾಹಿತ್ಯವನ್ನೂ ಸಂಗೀತವನ್ನೂ ತಾನೇ ಕಟ್ಟುವವನು ವಾಗ್ಗೇಯಕಾರ. ಇಲ್ಲಿಯೇ ತಾತನ ಆಸೆಯೂ ಮೊಮ್ಮಗನ ಹಂಬಲವೂ ಒಂದಾದವು. ಪಾಠಶಾಲೆಯಲ್ಲಿ ಕಲಿತ ಸಂಸ್ಕೃತ ವ್ಯರ್ಥವಾಗಲಿಲ್ಲ. ಅದು ಹಾಡಾಗಲು ಕಾದಿತ್ತು. ಅವರ ಮೊದಲ ಕೃತಿ ಶ್ರೀರಾಮನನ್ನು ಕುರಿತು ಮಾಯಾಮಾಳವಗೌಳ ರಾಗದಲ್ಲಿ ಸಂಸ್ಕೃತದಲ್ಲಿ ರಚಿತವಾದದ್ದೆಂದು ಹೇಳುತ್ತಾರೆ. ಯಾವ ರಾಗದಲ್ಲಿ ಸಂಗೀತದ ಅಕ್ಷರಾಭ್ಯಾಸ ನಡೆಯುವುದೋ ಅದೇ ರಾಗದಲ್ಲಿ ಮೊದಲ ನೈವೇದ್ಯವೂ ಸಂದಿತೆಂಬುದು ಭಾವಿಸಿದರೆ ಹಿತವಾದ ಸಂಗತಿ.

ಅಲ್ಲಿಂದ ಮುಂದೆ ಸುಮಾರು ಇನ್ನೂರು ರಚನೆಗಳು ಅವರಿಂದ ಬಂದವು. ವರ್ಣ, ಕೃತಿ, ತಿಲ್ಲಾನ, ಜಾವಳಿ, ರಾಗಮಾಲಿಕೆ ಎಲ್ಲ ಪ್ರಕಾರಗಳಲ್ಲಿಯೂ ಅವರು ಕೈಯಾಡಿಸಿದರು. ಬಹುಪಾಲು ತೆಲುಗು ಮತ್ತು ಸಂಸ್ಕೃತದಲ್ಲಿವೆ. ಗುರು ತಮ್ಮ ಕೃತಿಗಳಲ್ಲಿ ವೆಂಕಟೇಶನ ಅಂಕಿತವನ್ನಿಟ್ಟಂತೆ ಶಿಷ್ಯರು ವಾಸುದೇವ ಎಂಬ ಅಂಕಿತವನ್ನಿಟ್ಟರು. ಅದು ತಮ್ಮ ಹೆಸರೂ ಹೌದು, ಭಗವಂತನ ಹೆಸರೂ ಹೌದು. ಕೃತಿಯ ಕೊನೆಗೆ ಆ ಹೆಸರು ಬಂದಾಗ ಕರ್ತೃವಿನ ಸಹಿಯಂತೆ ಕಾಣದೆ ಇಷ್ಟದೈವದ ಸ್ಮರಣೆಯಂತೆಯೇ ಕೇಳಿಸುತ್ತದೆ.

ಆಚಾರ್ಯರ ಕೃತಿಗಳಲ್ಲಿ ಪಾಂಡಿತ್ಯವಿದೆ, ಆದರೆ ಪಾಂಡಿತ್ಯದ ಭಾರವಿಲ್ಲ. ರಾಗದ ಸ್ವರೂಪ ಪಲ್ಲವಿಯ ಮೊದಲ ಎಡುಪಿನಲ್ಲಿಯೇ ತಿಳಿಯಾಗಿ ನಿಲ್ಲುತ್ತದೆ. ಮಾತುಗಳು ನಾಲಿಗೆಗೆ ತೊಡಕಾಗುವುದಿಲ್ಲ. ಪ್ರಾಸ ಬಲವಂತವಾಗಿ ಬಂದು ಕೂರುವುದಿಲ್ಲ. ಚಿಟ್ಟೆಸ್ವರ ಹಾಡಿನ ಮೈಯೊಂದಿಗೆ ಬೆಳೆದುಬಂದಂತಿರುತ್ತದೆ. ಕಲಿಯುವ ಮಕ್ಕಳಿಗೂ ಅವು ಒಲಿಯುತ್ತವೆ, ಘನವಿದ್ವಾಂಸರ ಮನೋಧರ್ಮಕ್ಕೂ ಅವುಗಳಲ್ಲಿ ಅವಕಾಶವುಂಟು. ಖಮಾಚ್ ರಾಗದಲ್ಲಿ ಶ್ರೀರಾಮನನ್ನು ಮೊರೆಹೊಕ್ಕ ‘ಬ್ರೋಚೇವಾರೆವರುರಾ’ ಎಂಬ ಕೃತಿಯನ್ನು ಕೇಳದ ಸಂಗೀತಾಭಿಮಾನಿ ದಕ್ಷಿಣದಲ್ಲಿ ಇರಲಾರ. 1980ರಲ್ಲಿ ತೆರೆಕಂಡ ‘ಶಂಕರಾಭರಣಂ’ ತೆಲುಗು ಚಿತ್ರದ ಮೂಲಕ ಅದು ಶಾಸ್ತ್ರೀಯ ಸಂಗೀತವನ್ನರಿಯದವರ ಮನೆಗಳನ್ನೂ ಹೊಕ್ಕಿತು. ಅದನ್ನು ತ್ಯಾಗರಾಜರ ಕೃತಿಯೆಂದೇ ತಿಳಿದವರೂ ಎಷ್ಟೋ ಮಂದಿ. ತಿರುವಯ್ಯಾರಿನಲ್ಲಿ ತ್ಯಾಗರಾಜರ ಪರಂಪರೆಯನ್ನು ಅರಸಿ ಹೋದ ಶಿಷ್ಯನಿಗೆ ಈ ತಪ್ಪುಗ್ರಹಿಕೆಗಿಂತ ದೊಡ್ಡ ಬಿರುದು ಬೇಕಾಗಿಲ್ಲ.

ನವರಾತ್ರಿಯ ದಿನಗಳಲ್ಲಿ ಆಚಾರ್ಯರ ನೆನಪು ಸಹಜವಾಗಿಯೇ ಬರುತ್ತದೆ. ಹಿಂದೋಳ ರಾಗದಲ್ಲಿ ಸರಸ್ವತಿಯನ್ನು ಕುರಿತು ಅವರು ಸಂಸ್ಕೃತದಲ್ಲಿ ರಚಿಸಿದ ಕೃತಿಯನ್ನು ಎಷ್ಟೋ ಹೆಣ್ಣುಮಕ್ಕಳು ಬೊಂಬೆಗಳ ಮುಂದೆ ಕುಳಿತು ಹಾಡುತ್ತಾರೆ. ಹಿಂದೋಳ ಐದೇ ಸ್ವರಗಳ ರಾಗ. ರಿಷಭವೂ ಪಂಚಮವೂ ಅದರಲ್ಲಿಲ್ಲ. ಇಷ್ಟು ಕಡಿಮೆ ಸ್ವರಗಳಲ್ಲಿ ತಾಯಿಯ ಪೂರ್ಣರೂಪವನ್ನು ಕಣ್ಣಮುಂದೆ ತರುವುದು ಹೇಗೆಂಬುದನ್ನು ಆ ಕೃತಿ ತೋರಿಸುತ್ತದೆ. ಮೈಸೂರಿನ ಅಧಿದೇವತೆಯಾದ ಶ್ರೀ ಚಾಮುಂಡೇಶ್ವರಿಯನ್ನು ಬಿಲಹರಿಯಲ್ಲಿ ಸ್ತುತಿಸಿದ ಕೃತಿಯೂ ಹಾಗೆಯೇ. ಬಿಲಹರಿ ಬೆಳಗಿನ ಹುರುಪಿನ ರಾಗ. ಬೆಟ್ಟದ ಮೇಲೆ ಸೂರ್ಯ ಮೂಡಿ ಬಂದಂತೆ ಆ ಕೃತಿ ಆರಂಭವಾಗುತ್ತದೆ. ರಾಮನಾಗಲಿ ಕೃಷ್ಣನಾಗಲಿ ಶಾರದೆಯಾಗಲಿ ಚಾಮುಂಡಿಯಾಗಲಿ, ಆಚಾರ್ಯರ ಭಕ್ತಿಯಲ್ಲಿ ಭೇದವಿರಲಿಲ್ಲ.

ಮಾನಸನ್ಮಾನಗಳು ತಾವಾಗಿಯೇ ಬಂದವು. 1935ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಈ ಸ್ಥಾನಕ್ಕೆ ಸಲ್ಲುವ ಸಂಗೀತ ಕಲಾನಿಧಿ ಎಂಬ ಬಿರುದಿಗೂ ಪಾತ್ರರಾದರು. 1940ರಲ್ಲಿ ನಾಲ್ವಡಿಯವರ ನಂತರ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರು ಸ್ವತಃ ವಾಗ್ಗೇಯಕಾರರು. ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿದವರು. ಸಂಗೀತದಲ್ಲಿ ಅವರಿಗೆ ಆಚಾರ್ಯರ ಮಾರ್ಗದರ್ಶನ ದೊರೆತಿತ್ತು. ಅಜ್ಜನ ವೇತನದಿಂದ ಕಲಿತ ವಿದ್ಯೆ ಮೊಮ್ಮಗನಿಗೆ ಮರಳಿ ಸಂದಿತು. ಋಣ ತೀರಿಸಲು ಇದಕ್ಕಿಂತ ಉತ್ತಮವಾದ ದಾರಿ ಯಾವ ಆಸ್ಥಾನ ವಿದ್ವಾಂಸನಿಗೂ ದೊರೆಯಲಾರದು.

ಎಂಬತ್ತೈದನ್ನು ದಾಟಿದ ವಯಸ್ಸಿನಲ್ಲಿ ಜನ ಸಾಮಾನ್ಯವಾಗಿ ಊರು ಬಿಡುವುದಿಲ್ಲ. ಹುಟ್ಟಿ ಬೆಳೆದ ಮನೆ, ಪರಿಚಿತವಾದ ಬೀದಿ, ಬೆಟ್ಟದ ದರ್ಶನ ಇಷ್ಟು ಸಾಕೆನಿಸುವ ಕಾಲ ಅದು. ವಾಸುದೇವಾಚಾರ್ಯರು ಆ ವಯಸ್ಸಿನಲ್ಲಿ ಮೈಸೂರನ್ನು ಬಿಟ್ಟು ಮದರಾಸಿಗೆ ಹೊರಟರು. 1936ರಲ್ಲಿ ಕಲಾಕ್ಷೇತ್ರವನ್ನು ಸ್ಥಾಪಿಸಿ ನೃತ್ಯಕ್ಕೂ ಸಂಗೀತಕ್ಕೂ ಹೊಸ ಗೌರವ ತಂದ ಶ್ರೀಮತಿ ರುಕ್ಮಿಣೀದೇವಿ ಅರುಂಡೇಲ್ ಅವರ ಆಹ್ವಾನ ಅದು. ಯೌವನದಲ್ಲಿ ಕಾವೇರಿಯ ಕೆಳದಂಡೆಗೆ ವಿದ್ಯೆಯನ್ನು ಬೇಡಿ ಹೋಗಿದ್ದವರು, ಮುಪ್ಪಿನಲ್ಲಿ ಅದೇ ತಮಿಳುನಾಡಿಗೆ ವಿದ್ಯೆಯನ್ನು ನೀಡಲು ಹೋದರು.

ಅಲ್ಲಿ ಅವರಿಗಾಗಿ ಕಾದಿದ್ದ ಕೆಲಸವಾದರೂ ಎಂಥದು! ಶ್ರೀಮದ್ರಾಮಾಯಣವನ್ನು ಸರಣಿ ನೃತ್ಯನಾಟಕಗಳಾಗಿ ರಂಗಕ್ಕೆ ತರಬೇಕೆಂಬುದು ರುಕ್ಮಿಣೀದೇವಿಯವರ ಸಂಕಲ್ಪ. ವಾಲ್ಮೀಕಿ ಮಹರ್ಷಿಗಳ ಸಂಸ್ಕೃತ ಶ್ಲೋಕಗಳಿಗೆ ರಾಗತಾಳಗಳನ್ನು ಹೊಂದಿಸಬೇಕು. ರಾಗ ಪಾತ್ರದ ಭಾವಕ್ಕೆ ಒಪ್ಪಬೇಕು, ತಾಳ ನರ್ತಕರ ಹೆಜ್ಜೆಗೆ ಒಪ್ಪಬೇಕು, ಇವೆರಡರ ನಡುವೆ ಆದಿಕವಿಯ ಮಾತು ಮುರಿಯಬಾರದು. ಕಛೇರಿಯ ಹಾಡಿಗೆ ಸ್ವರ ಕೂಡಿಸುವುದು ಬೇರೆ, ಇದು ಬೇರೆ. ಕೌಸಲ್ಯೆಯ ಸಂತೋಷಕ್ಕೊಂದು ರಾಗ, ಕೈಕೇಯಿಯ ಹಟಕ್ಕೊಂದು ರಾಗ, ಭರತನ ಶೋಕಕ್ಕೊಂದು ರಾಗ. ಕಾವ್ಯ, ನಾಟಕ, ಅಲಂಕಾರಗಳನ್ನು ಓದಿ ರಸಭಾವಗಳನ್ನು ಅರಿತ ವಿದ್ವಾಂಸನೂ ಬೇಕು, ಅವುಗಳಿಗೆ ತಕ್ಕ ರಾಗಗಳನ್ನು ಕೈಯಳತೆಯಲ್ಲಿಟ್ಟುಕೊಂಡ ಗಾಯಕನೂ ಬೇಕು. ಒಬ್ಬರಲ್ಲಿಯೇ ಇಬ್ಬರೂ ಇದ್ದುದರಿಂದ ಆ ಕೆಲಸ ನಡೆಯಿತು. 1955ರಲ್ಲಿ ಮೊದಲ ಭಾಗವಾದ ಸೀತಾಸ್ವಯಂವರ ರಂಗವನ್ನೇರಿತು. ಪಾಠಶಾಲೆಯಲ್ಲಿ ಶ್ಲೋಕಗಳನ್ನು ಬಾಯಿಪಾಠ ಮಾಡುತ್ತ ಕಿವಿಯನ್ನು ಮಾತ್ರ ತಂಬೂರಿಯ ಕಡೆಗಿಟ್ಟಿದ್ದ ಹುಡುಗ, ಸುಮಾರು ಮುಕ್ಕಾಲು ಶತಮಾನದ ನಂತರ, ಶ್ಲೋಕವನ್ನೂ ತಂಬೂರಿಯನ್ನೂ ಒಂದೇ ಕಡೆ ಕಂಡ.

ಆ ಕಾರ್ಯದಲ್ಲಿ ಮೊಮ್ಮಗ ಶ್ರೀ ಎಸ್. ರಾಜಾರಾಂ ಅವರು ತಾತನ ಜೊತೆಗಿದ್ದರು. ಒಬ್ಬ ತಾತನ ಆಸೆಯಿಂದ ಆರಂಭವಾದ ಬಾಳು ಇನ್ನೊಬ್ಬ ಮೊಮ್ಮಗನ ಕೈಯಲ್ಲಿ ಮುಂದುವರಿಯಿತೆಂಬುದು ಗಮನಿಸಬೇಕಾದ ಮಾತು. ಆಚಾರ್ಯರು ಪೂರ್ಣಗೊಳಿಸಲಾಗದೆ ಉಳಿದ ರಾಮಾಯಣದ ಭಾಗಗಳಿಗೆ ಮುಂದೆ ಸಂಗೀತ ಸಂಯೋಜಿಸಿದವರು ರಾಜಾರಾಂ ಅವರೇ. ಕಲಾಕ್ಷೇತ್ರದ ವಿದ್ಯಾರ್ಥಿಗಳ ಪಾಲಿಗೆ ಆಚಾರ್ಯರು ತ್ಯಾಗರಾಜರ ಪರಂಪರೆಯ ಸಂಗೀತವನ್ನು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಿಂದಲೇ ಕೇಳಿ ಕಲಿತ ಹಿರಿಯರು. ಅಷ್ಟು ಹಿಂದಿನ ಕಾಲವನ್ನು ಕಂಡವರು ಎದುರಿಗೆ ಕುಳಿತು ಪಾಠ ಹೇಳುವ ಭಾಗ್ಯ ಎಲ್ಲರಿಗೂ ದೊರೆಯುವುದಲ್ಲ.

1959ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. ಎರಡು ವರ್ಷಗಳ ನಂತರ, 1961ರ ಮೇ 17ರಂದು, ತೊಂಬತ್ತಾರನೆಯ ಹುಟ್ಟುಹಬ್ಬಕ್ಕೆ ಹನ್ನೊಂದು ದಿನಗಳಿರುವಾಗ ಆಚಾರ್ಯರು ಮದರಾಸಿನಲ್ಲಿ ದೈವಾಧೀನರಾದರು. ಮೈಸೂರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡವರು ಮೈಸೂರಿನಿಂದ ದೂರವೇ ಕಣ್ಮುಚ್ಚಿದರು. ಆದರೆ ಅವರು ಊರನ್ನು ಬಿಟ್ಟಿದ್ದರೆನ್ನಲು ಬಾರದು. ಎಲ್ಲಿ ಅವರ ಬಿಲಹರಿ ಮೊಳಗುವುದೋ ಅಲ್ಲಿ ಚಾಮುಂಡಿಬೆಟ್ಟವಿದೆ. ಎಲ್ಲಿ ಅವರ ಹಿಂದೋಳ ಕೇಳಿಬರುವುದೋ ಅಲ್ಲಿ ನವರಾತ್ರಿಯಿದೆ. ಹೊಟ್ಟೆಪಾಡಿಗಾಗಿಯೋ ಕರ್ತವ್ಯಕ್ಕಾಗಿಯೋ ನಾಡಿನಿಂದ ದೂರವಿರುವ ಕನ್ನಡಿಗರಿಗೆ ಇದೊಂದು ಸಮಾಧಾನದ ಸಂಗತಿ.

ಸಂಗೀತ ಕಲಿಯಲು ಹೊರಟ ಮಕ್ಕಳು ಮೊದಲ ವರ್ಷದಲ್ಲಿಯೇ ಬೇಸರಪಡುವುದುಂಟು. ಸರಳೆ ಜಂಟಿಗಳು ರುಚಿಸುವುದಿಲ್ಲ, ಹಾಡು ಬೇಗ ಬರುವುದಿಲ್ಲ. ಪ್ರೀತಿಯಿಲ್ಲದ ಮೇಲೆ ಕಲಿಸುವುದೇಕೆಂದು ತಂದೆತಾಯಿಯರು ಕೈಚೆಲ್ಲುತ್ತಾರೆ. ಆಚಾರ್ಯರ ಬಾಳು ಅಂಥವರಿಗೆ ಒಂದು ಮಾತನ್ನು ಮೆಲ್ಲನೆ ತಿಳಿಸುತ್ತದೆ. ಪ್ರೀತಿ ಮೊದಲೇ ಪೂರ್ಣವಾಗಿ ಬಂದಿರಬೇಕೆಂದಿಲ್ಲ. ಒಂದು ಹಂಬಲವಿದ್ದರೆ ಸಾಕು. ಶ್ರದ್ಧೆಯಿಂದ ನೀರೆರೆದರೆ ಅದು ಬೇರುಬಿಡುತ್ತದೆ. ದಾರಿಯಲ್ಲಿ ಬಿಟ್ಟುಬಂದೆವೆಂದುಕೊಂಡ ವಿದ್ಯೆಯೂ ಕಾಲ ಬಂದಾಗ ನೆರವಿಗೆ ಬರುತ್ತದೆ. ಕಲಿತದ್ದು ಯಾವುದೂ ದೇವಿಯ ಸನ್ನಿಧಿಯಲ್ಲಿ ವ್ಯರ್ಥವಾಗುವುದಿಲ್ಲ.

ವಿಜಯದಶಮಿಯ ಬೆಳಿಗ್ಗೆ ಮರುಪೂಜೆ ಮುಗಿಸಿ ಮಣೆಯ ಮೇಲಿನಿಂದ ಪುಸ್ತಕವನ್ನು ಎತ್ತಿಕೊಂಡು ಒಂದು ಪುಟ ಓದುವುದು, ವೀಣೆಯನ್ನು ತೆಗೆದುಕೊಂಡು ಒಂದು ಗೀತ ನುಡಿಸುವುದು ಹಿರಿಯರಿಂದ ಬಂದ ಪದ್ಧತಿ. ವಾಸುದೇವಾಚಾರ್ಯರು ಆ ಎರಡನ್ನೂ ತಮ್ಮ ಜೀವಮಾನವೆಲ್ಲ ಬಿಡದೆ ನಡೆಸಿಕೊಂಡು ಬಂದರು. ಅಂಥ ಶ್ರದ್ಧೆಯನ್ನು ತಾಯಿ ಶಾರದೆ ನಾಡಿನ ಮಕ್ಕಳಿಗೂ, ನಾಡಿನಿಂದ ಹೊರಗೆ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ ಎಲ್ಲ ಮಕ್ಕಳಿಗೂ ಕರುಣಿಸಲಿ.